ಸೆಲ್ಫ್ ತಗೋವಲ್ದು ಅಂದ್ರೆ ಕ್ಲಚ್ ಪೆಡಲ್ ಮೇಲೆ ನೋಡಿ: ಕಾರಿನ ಕ್ಲಚ್ ಸೇಫ್ಟಿ ಸ್ವಿಚ್ ಪರೀಕ್ಷಿಸಿ ಬದಲಾಯಿಸುವ ಸಮಗ್ರ ಮಾರ್ಗದರ್ಶಿ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹತ್ತುತ್ತವೆ. ಹಾರ್ನ್ ಜೋರಾಗೇ ಇದೆ. ಹೆಡ್‌ಲೈಟ್ ಬೆಳಕೂ ಕಮ್ಮಿಯಾಗಿಲ್ಲ. ಆದರೆ ಸೆಲ್ಫ್ ಮಾತ್ರ ತಗೊಳ್ಳುವುದಿಲ್ಲ, ಒಂದು ಸದ್ದೂ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಗಾಡಿ ಹೀಗೆ ನಿಂತರೆ ಸುತ್ತ ಸೇರಿದವರ ಮೊದಲ ಮಾತು "ಬ್ಯಾಟರಿ ಹೋಗೇತ್ರಿ" ಅಂತ. ಎರಡನೇ ಮಾತು "ಸೆಲ್ಫ್ ಮೋಟರ್ ಬಿಚ್ಚಬೇಕ್ರಿ" ಅಂತ. ಎರಡೂ ನಿಜ ಇರಬಹುದು. ಆದರೆ ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಕ್ಲಚ್ ಪೆಡಲ್ ಮೇಲ್ಭಾಗದಲ್ಲಿರುವ ಒಂದು ಸಣ್ಣ ಸ್ವಿಚ್ ನೋಡಲೇಬೇಕು. ಅದಕ್ಕೆ ಕ್ಲಚ್ ಸೇಫ್ಟಿ ಸ್ವಿಚ್ ಅಂತ ಹೆಸರು. ಗ್ಯಾರೇಜಿನಲ್ಲಿ ಬರೀ ಕ್ಲಚ್ ಸ್ವಿಚ್ ಅಂದರೆ ಸಾಕು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಾನಾ ಹಿಡಿದು ರೂಢಿ ಇದ್ದವರು ಮನೆಯಲ್ಲೇ ಬದಲಾಯಿಸಲೂಬಹುದು. ಕೆಲಸ ಕಷ್ಟದ್ದಲ್ಲ, ಇಕ್ಕಟ್ಟಿನದ್ದು. ಆದರೆ ವೈರ್ ಕೂಡಿಸಿ ಈ ಸ್ವಿಚ್ಚನ್ನೇ ಇಲ್ಲವಾಗಿಸುವ ಕೆಲಸ ಮಾತ್ರ ಮಾಡಬೇಡಿ, ಮಾಡಿಸಲೂಬೇಡಿ. ಯಾಕೆ ಅಂತ ಮುಂದೆ ಹೇಳಿದ್ದೇನೆ.

ಈ ಸ್ವಿಚ್ ಇರುವುದು ಯಾಕೆ

ಗಾಡಿ ಗೇರ್‌ನಲ್ಲಿದೆ, ಕ್ಲಚ್ ತುಳಿದಿಲ್ಲ, ಯಾರೋ ಸೆಲ್ಫ್ ಹೊಡೆದರು ಅಂದುಕೊಳ್ಳಿ. ಸ್ಟಾರ್ಟರ್ ಮೋಟರ್, ಅಂದರೆ ಸೆಲ್ಫ್ ಮೋಟರ್, ಎಂಜಿನ್ ತಿರುಗಿಸುತ್ತದೆ. ಎಂಜಿನ್ ಗೇರ್‌ಬಾಕ್ಸ್ ತಿರುಗಿಸುತ್ತದೆ, ಗೇರ್‌ಬಾಕ್ಸ್ ಚಕ್ರ ತಿರುಗಿಸುತ್ತದೆ. ಗಾಡಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ, ರಿವರ್ಸ್‌ನಲ್ಲಿದ್ದರೆ ಹಿಂದಕ್ಕೆ. ಎಂಜಿನ್ ಅಷ್ಟರಲ್ಲೇ ಸ್ಟಾರ್ಟ್ ಆಗಿಬಿಟ್ಟರೆ ಗಾಡಿ ನಿಲ್ಲದೆ ಹೋಗಲೂಬಹುದು. ಧಾರವಾಡದ ಏರು-ಇಳಿಜಾರಿನ ಓಣಿಗಳಲ್ಲಿ ಗಾಡಿಯನ್ನು ಗೇರ್‌ನಲ್ಲಿ ಹಾಕಿ ನಿಲ್ಲಿಸುವುದು ರೂಢಿ, ಒಳ್ಳೆಯ ರೂಢಿಯೇ. ಆದರೆ ಬೆಳಿಗ್ಗೆ ಅದೇ ಗಾಡಿಯ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸುವವರಿದ್ದಾರೆ. ಅಪ್ಪ ಗೇಟ್ ತೆಗೆಯಲು ಇಳಿದಾಗ ಸೀಟಿಗೆ ಹತ್ತಿ ಕೂತು ಬಟನ್ ಒತ್ತುವ ಮಕ್ಕಳಿದ್ದಾರೆ. ಆಗ ಗಾಡಿ ಜಿಗಿಯದಂತೆ ತಡೆಯುವುದು ಈ ಸ್ವಿಚ್.

ಕೆಲಸ ಮಾಡುವ ರೀತಿ ಸರಳ. ಸ್ಟಾರ್ಟರ್ ಮೋಟರಿಗೆ ನೂರು ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅಷ್ಟನ್ನು ಕೀ ಅಥವಾ ಬಟನ್ ಮೂಲಕ ಹಾಯಿಸಲು ಆಗುವುದಿಲ್ಲ. ಅದಕ್ಕೇ ನಡುವೆ ಒಂದು ರಿಲೇ ಇರುತ್ತದೆ. ಕೀ ಕೊಡುವ ಸಣ್ಣ ಕರೆಂಟ್ ರಿಲೇಯನ್ನು ಎಳೆಯುತ್ತದೆ, ರಿಲೇ ಸ್ಟಾರ್ಟರಿನ ಮೇಲಿರುವ ದೊಡ್ಡ ಸ್ವಿಚ್ಚನ್ನು (ಸೊಲೆನಾಯ್ಡ್) ಕೂಡಿಸುತ್ತದೆ, ದೊಡ್ಡ ಕರೆಂಟ್ ಹೋಗುವುದು ಅದರ ಮೂಲಕ. ಕ್ಲಚ್ ಸ್ವಿಚ್ ಕೂತಿರುವುದು ಆ ಸಣ್ಣ ಕರೆಂಟಿನ ದಾರಿಯಲ್ಲಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಅದರ ತೋಳು ಸ್ವಿಚ್ಚಿನ ಕಡ್ಡಿಯನ್ನು ಒತ್ತುತ್ತದೆ, ಒಳಗೆ ಎರಡು ಕಾಂಟ್ಯಾಕ್ಟ್ ಕೂಡುತ್ತವೆ, ರಿಲೇಗೆ ಕರೆಂಟ್ ಹೋಗುತ್ತದೆ. ಪೆಡಲ್ ತುಳಿಯದಿದ್ದರೆ ದಾರಿ ಅಲ್ಲೇ ತುಂಡು.

ಈಚಿನ ಗಾಡಿಗಳಲ್ಲಿ, ಅದರಲ್ಲೂ ಪುಶ್ ಬಟನ್ ಇರುವವುಗಳಲ್ಲಿ, ಸ್ವಿಚ್ ನೇರವಾಗಿ ರಿಲೇ ಓಡಿಸುವುದಿಲ್ಲ. "ಕ್ಲಚ್ ತುಳಿದಿದ್ದಾರೆ" ಅನ್ನುವ ಸುದ್ದಿಯನ್ನು ಇಸಿಯುಗೆ, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿಗೆ, ಕೊಡುತ್ತದೆ, ರಿಲೇ ಎಳೆಯುವುದು ಇಸಿಯು ಕೆಲಸ. ಪರೀಕ್ಷೆ ಮಾಡುವಾಗ ಈ ವ್ಯತ್ಯಾಸ ಮುಖ್ಯ ಆಗುತ್ತದೆ.

ಇನ್ನೊಂದು ಗೊಂದಲ ಇದೆ. ಬಹಳ ಗಾಡಿಗಳಲ್ಲಿ ಕ್ಲಚ್ ಪೆಡಲ್ಲಿಗೆ ಎರಡು ಸ್ವಿಚ್ ಇರುತ್ತವೆ. ಒಂದು, ಪೆಡಲ್ ಪೂರ್ತಿ ಕೆಳಗೆ ಹೋದಾಗ ಕೆಲಸ ಮಾಡುವುದು, ಅದೇ ಸ್ಟಾರ್ಟಿಂಗಿನದು. ಇನ್ನೊಂದು, ಪೆಡಲ್ ಮೇಲೆ ಬಿಟ್ಟಾಗಿನ ಸ್ಥಿತಿ ನೋಡುವುದು. ಕ್ಲಚ್ ತುಳಿದ ಕೂಡಲೇ ಕ್ರೂಸ್ ಕಂಟ್ರೋಲ್ (ಗಾಡಿಯ ವೇಗ ತಾನೇ ಹಿಡಿದಿಡುವ ವ್ಯವಸ್ಥೆ) ಬಿಡಿಸಲು, ಗೇರ್ ಬದಲಿಸುವಾಗ ಎಂಜಿನ್ ಏರಿಳಿತ ಸಂಭಾಳಿಸಲು ಅದು ಬೇಕು. 2015ರಲ್ಲಿ ಮಾರುತಿ ಸಿಯಾಜ್‌ನಲ್ಲಿ ಬಂದ ಎಸ್‌ಎಚ್‌ವಿಎಸ್ ತರಹದ ವ್ಯವಸ್ಥೆಯಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಬಂದ್ ಆಗಿ, ಕ್ಲಚ್ ತುಳಿದ ಕೂಡಲೇ ಚಾಲೂ ಆಗುತ್ತದಲ್ವಾ? ಅದೂ ಕ್ಲಚ್ ಪೆಡಲ್ ಸ್ವಿಚ್ಚನ್ನೇ ನಂಬಿ ನಡೆಯುತ್ತದೆ. ಕ್ರೂಸ್ ಕೆಟ್ಟು ಸೆಲ್ಫ್ ಸರಿ ಇದ್ದರೆ ಈ ಎರಡನೇ ಸ್ವಿಚ್ ನೋಡಿ. ಸೆಲ್ಫ್ ಕೆಟ್ಟಿದ್ದರೆ ಮೊದಲನೆಯದು.

ಎಎಂಟಿ (ಕ್ಲಚ್, ಗೇರ್ ತಾನೇ ನೋಡಿಕೊಳ್ಳುವ ಗೇರ್‌ಬಾಕ್ಸ್) ಮತ್ತು ಆಟೋಮ್ಯಾಟಿಕ್ ಗಾಡಿಗಳಿಗೆ ಕ್ಲಚ್ ಪೆಡಲ್ಲೇ ಇಲ್ಲ. ಅಲ್ಲಿ ಬ್ರೇಕ್ ಸ್ವಿಚ್ ಮತ್ತು ಗೇರ್ ಲಿವರ್ ಇರುವ ಜಾಗ ಈ ಕೆಲಸ ನೋಡುತ್ತವೆ. ಹಳೆಯ ಮ್ಯಾನ್ಯುಯಲ್ ಗಾಡಿಗಳು ಎಷ್ಟೋ ಈ ಸ್ವಿಚ್ ಇಲ್ಲದೆಯೇ ಬಂದಿವೆ. ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಸ್ಟಾರ್ಟ್ ಮಾಡುವ ವಿಧಾನದ ಪುಟ ತೆಗೆಯಿರಿ. ಕ್ಲಚ್ ಪೂರ್ತಿ ತುಳಿಯದೆ ಸ್ಟಾರ್ಟ್ ಆಗುವುದಿಲ್ಲ ಅಂತ ಬರೆದಿದ್ದರೆ ಸ್ವಿಚ್ ಇದೆ.

ಸ್ವಿಚ್‌ಗೆ ಕೈ ಹಾಕುವ ಮುಂಚೆ

ಮೊದಲು ಮ್ಯಾಟ್ ನೋಡಿ. ನಮ್ಮ ಕಡೆ ಕಂಪನಿ ಮ್ಯಾಟ್ ಮೇಲೆ ದಪ್ಪನೆಯ 7ಡಿ ಮ್ಯಾಟ್, ಮಳೆಗಾಲದಲ್ಲಿ ಅದರ ಮೇಲೆ ಇನ್ನೊಂದು ರಬ್ಬರ್ ಮ್ಯಾಟ್ ಹಾಸುತ್ತಾರೆ. ಎರೆ ಮಣ್ಣಿನ ಹೊಲದಿಂದ ಬಂದ ಬೂಟಿಗೆ ಹೆದರಿ ಹಾಗೆ ಮಾಡುವುದು ಸಹಜ. ಆದರೆ ಮ್ಯಾಟ್ ಮುಂದಕ್ಕೆ ಸರಿದು ಪೆಡಲ್ ಕೆಳಗೆ ಮಡಚಿಕೊಂಡರೆ ಪೆಡಲ್ ಕೊನೆಯವರೆಗೆ ಹೋಗುವುದೇ ಇಲ್ಲ. ಸ್ವಿಚ್ ಒತ್ತಿಸಿಕೊಳ್ಳುವುದು ಪೆಡಲ್ ಹಾದಿಯ ಕೊನೆಯ ಭಾಗದಲ್ಲಿ. ಅಷ್ಟು ಸಣ್ಣ ಅಂತರ ಸಾಕು, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಲ್ಲ ಮ್ಯಾಟ್ ತೆಗೆದು, ಸೀಟು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಪೆಡಲ್ ಗಟ್ಟಿಯಾಗಿ ತುಳಿದು ನೋಡಿ. ಸ್ಟಾರ್ಟ್ ಆದರೆ ಮ್ಯಾಟ್ ಸರಿಮಾಡಿಸಿ, ಈ ಲೇಖನ ಇಲ್ಲಿಗೇ ಬಿಡಬಹುದು.

ಆಮೇಲೆ ಬ್ಯಾಟರಿ. ಎಂಜಿನ್ ಬಂದ್ ಇದ್ದು ಕೆಲ ಗಂಟೆ ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಬ್ಯಾಟರಿ ಸೋತಿದ್ದರೆ ಸಾಮಾನ್ಯವಾಗಿ "ಟಕಟಕಟಕ" ಅನ್ನುವ ಸದ್ದು ಬರುತ್ತದೆ, ದೀಪಗಳು ಮಂಕಾಗುತ್ತವೆ. ಕ್ಲಚ್ ಸ್ವಿಚ್ ಕೆಟ್ಟಿದ್ದರೆ ಪೂರ್ತಿ ಮೌನ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಿದ್ದರೆ ಅದು ಇಮ್ಮೊಬಿಲೈಸರ್ (ಸರಿಯಾದ ಕೀ ಗುರುತಿಸದೆ ಗಾಡಿ ಚಾಲೂ ಆಗಗೊಡದ ಕಳ್ಳತನ ತಡೆ) ತೊಂದರೆ. ಪುಶ್ ಬಟನ್ ಗಾಡಿಯಾದರೆ ಕೀಯ ಸೆಲ್ ನೋಡಿ. ಸ್ಟಾರ್ಟರಿನ ಫ್ಯೂಸ್ ಕೂಡ ಒಮ್ಮೆ ತೆಗೆದು ನೋಡಿಬಿಡಿ.

ಕ್ಲಚ್ ಸ್ವಿಚ್ ಮೇಲೆ ಅನುಮಾನ ಗಟ್ಟಿಯಾಗುವುದು ಈ ಲಕ್ಷಣಗಳಿಂದ: ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಇಲ್ಲ. ಪೆಡಲ್ ನಾಲ್ಕಾರು ಸಲ ಒದ್ದರೆ ತಗೊಳ್ಳುತ್ತದೆ. ಪುಶ್ ಬಟನ್ ಗಾಡಿಯಲ್ಲಿ ಕ್ಲಚ್ ತುಳಿದಿದ್ದರೂ "ಕ್ಲಚ್ ತುಳಿಯಿರಿ" ಅನ್ನುವ ಸೂಚನೆ ಹೋಗುವುದಿಲ್ಲ. ಅಥವಾ ಇದಕ್ಕೆ ಉಲ್ಟಾ, ಕ್ಲಚ್ ತುಳಿಯದೆಯೇ ಸೆಲ್ಫ್ ತಗೊಳ್ಳುತ್ತದೆ. ಈ ಕೊನೆಯದನ್ನು ಎಷ್ಟೋ ಜನ ತೊಂದರೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಗಾಡಿ ಸ್ಟಾರ್ಟ್ ಆಗುತ್ತಿದೆಯಲ್ಲ ಅಂತ ಸುಮ್ಮನಿರುತ್ತಾರೆ. ನಿಜಕ್ಕೂ ಅಪಾಯದ್ದು ಅದೇ.

ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಅದನ್ನು ಸಿಕ್ಕಿಸುವ ಓಬಿಡಿ ಪೋರ್ಟಿಗೆ ಹಾಕಿ. ಪಿ 0704, ಪಿ 0830, ಪಿ 0833 ಈ ಮೂರೂ ಕ್ಲಚ್ ಸ್ವಿಚ್ ಸರ್ಕ್ಯೂಟಿನ ಕೋಡ್‌ಗಳು. ಕೋಡ್ ಬಂದ ಮಾತ್ರಕ್ಕೆ ಸ್ವಿಚ್ಚೇ ಕೆಟ್ಟಿದೆ ಅಂತಲ್ಲ. ಸ್ವಿಚ್, ವೈರ್, ಕನೆಕ್ಟರ್, ಈ ಮೂರರಲ್ಲಿ ಎಲ್ಲೋ ಒಂದು ಕಡೆ ಅಂತ ಅರ್ಥ.

ಸ್ವಿಚ್ ಅಲ್ಲ, ಅದರ ಮುಂದಿನ ಬುಷ್

ಇದನ್ನು ಬೇರೆಯಾಗಿ, ನಿಧಾನವಾಗಿ ಹೇಳಬೇಕು. ಯಾಕೆಂದರೆ ಸ್ವಿಚ್ ಸರಿ ಇದ್ದೂ ಸ್ವಿಚ್ ಬದಲಾಯಿಸಿಕೊಳ್ಳುವವರು ಬಹಳ.

ಪೆಡಲ್ ತೋಳಿನ ಮೇಲೆ, ಸ್ವಿಚ್ಚಿನ ಕಡ್ಡಿ ಬಂದು ತಾಗುವ ಜಾಗದಲ್ಲಿ, ಒಂದು ತೂತು ಇರುತ್ತದೆ. ಆ ತೂತಿಗೆ ಅಂಗಿಯ ಗುಂಡಿಯಷ್ಟು ಪ್ಲಾಸ್ಟಿಕ್ ಅಥವಾ ರಬ್ಬರಿನ ಬುಷ್ ಸಿಕ್ಕಿಸಿರುತ್ತಾರೆ. ಸ್ಟಾಪರ್ ಅಂತಲೂ ಕರೆಯುತ್ತಾರೆ. ಕಡ್ಡಿ ಒತ್ತುವುದು ಈ ಬುಷ್ ಮೇಲೆ, ಕಬ್ಬಿಣದ ಮೇಲೆ ಅಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಪ್ಲಾಸ್ಟಿಕ್ ಒಣಗಿ ಬಿರುಸಾಗುತ್ತದೆ, ಒಂದು ದಿನ ಪುಡಿಯಾಗಿ ಉದುರುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಕಡ್ಡಿ ಆ ಖಾಲಿ ತೂತಿನೊಳಗೆ ಹೋಗಿಬಿಡುತ್ತದೆ. ಸ್ವಿಚ್ ಒತ್ತಿಸಿಕೊಳ್ಳುವುದೇ ಇಲ್ಲ.

ನಮ್ಮ ಓಣಿಯ ಕಾಕಾ ಒಬ್ಬರ ಗಾಡಿಯಲ್ಲಿ ಹೀಗೇ ಆಗಿತ್ತು. "ಬ್ಯಾಟರಿ ಹೊಸಾದು ಹಾಕ್ಸೇನಿ, ಆದ್ರೂ ಹಂಗ ಮಾಡಾಕತ್ತೈತಿ ನೋಡಪಾ" ಅಂದರು. ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಮ್ಯಾಟ್ ಮೇಲೆ, ಕ್ಲಚ್ ಪೆಡಲ್ಲಿನ ನೇರ ಕೆಳಗೆ, ಕಂದು ಬಣ್ಣದ ನಾಲ್ಕೈದು ಚೂರು ಬಿದ್ದಿದ್ದವು. ಬೆರಳಲ್ಲಿ ಒತ್ತಿದರೆ ಹಪ್ಪಳದ ಚೂರಿನಂತೆ ಮುರಿದವು. ಮೇಲೆ ನೋಡಿದರೆ ತೂತು ಖಾಲಿ, ಅದರ ಅಂಚಿಗೆ ಬುಷ್ಷಿನ ಒಂದು ಕಾಲು ಮಾತ್ರ ಸಿಕ್ಕಿಕೊಂಡಿತ್ತು. ಬೆರಳಲ್ಲಿ ಸ್ವಿಚ್ಚಿನ ಕಡ್ಡಿ ಒತ್ತಿ ಹಿಡಿದು, ಗೇರ್ ನ್ಯೂಟ್ರಲ್‌ನಲ್ಲಿದೆ ಅಂತ ಖಾತ್ರಿ ಮಾಡಿಕೊಂಡು, ಕಾಕಾಗೆ ಕೀ ತಿರುಗಿಸಲು ಹೇಳಿದಾಗ ಒಂದೇ ಸೆಲ್ಫಿಗೆ ಚಾಲೂ ಆಯಿತು. ಹೊಸ ಬುಷ್ ಸಿಕ್ಕಿಸಿದ್ದಷ್ಟೇ ರಿಪೇರಿ.

ಹಾಗಾಗಿ ನಿಮ್ಮ ಗಾಡಿ ನಿಂತರೆ ಮೊದಲು ಮ್ಯಾಟ್ ಮೇಲೆ ಚೂರು ಹುಡುಕಿ. ಬುಷ್ ತರುವಾಗ ಗಾಡಿಯ ಮಾಡೆಲ್, ವರ್ಷ ಹೇಳಿ, ಸಾಧ್ಯವಾದರೆ ಹಳೆಯ ಚೂರನ್ನೂ ಒಯ್ಯಿರಿ. ಸಿಕ್ಕಿಸುವುದು ಸುಲಭ: ಬುಷ್ಷಿನ ಕಾಲಿಗೆ ಸೋಪಿನ ನೀರು ಸವರಿ ತೂತಿನೊಳಗೆ ಒತ್ತಿ, ಆ ಕಡೆಯಿಂದ ಇಕ್ಕಳದಲ್ಲಿ ನಿಧಾನಕ್ಕೆ ಎಳೆಯಿರಿ. ಬುಷ್ ಸಿಗುವವರೆಗೆ ಆ ತೂತಿಗೆ ಸರಿಹೋಗುವ ಒಂದು ಬೋಲ್ಟನ್ನು ಎರಡೂ ಕಡೆ ವಾಷರ್ ಹಾಕಿ ನಟ್ ಬಿಗಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. ಬೋಲ್ಟಿನ ತಲೆ ತೆಳ್ಳಗಿರಲಿ. ದಪ್ಪ ತಲೆ ಇದ್ದರೆ ಪೆಡಲ್ ಪೂರ್ತಿ ಇಳಿಯುವ ಮುಂಚೆಯೇ ಸ್ವಿಚ್ಚಿಗೆ ಗುದ್ದುತ್ತದೆ.

ಇದೇ ತರಹದ ಬುಷ್ ಬ್ರೇಕ್ ಪೆಡಲ್ಲಿಗೂ ಇರುತ್ತದೆ. ಅದು ಉದುರಿದರೆ ಬ್ರೇಕ್ ಲೈಟ್ ಆರುವುದೇ ಇಲ್ಲ, ರಾತ್ರಿಯೆಲ್ಲ ಉರಿದು ಬ್ಯಾಟರಿ ಖಾಲಿಯಾಗುತ್ತದೆ. ಒಂದು ಉದುರಿದ್ದರೆ ಇನ್ನೊಂದೂ ಅಷ್ಟೇ ಹಳೆಯದು. ಎರಡನ್ನೂ ಒಟ್ಟಿಗೇ ಬದಲಿಸಿ.

ಮಲ್ಟಿಮೀಟರ್ ಹಿಡಿದು ಪರೀಕ್ಷೆ

ಬುಷ್ ಸರಿ ಇದೆ ಅಂದರೆ ಈಗ ಸ್ವಿಚ್ಚಿನ ಸರದಿ. ಗಾಡಿ ಸಮ ನೆಲದಲ್ಲಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಇಗ್ನಿಷನ್ ಆಫ್. ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ತಲೆ ಕೆಳಗೆ ಮಾಡಿ ಮೇಲೆ ನೋಡಬೇಕಾಗುತ್ತದೆ. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಕೈಗೆ ಬಿಡುವು.

ಸ್ವಿಚ್ಚಿನ ಕನೆಕ್ಟರ್ ಬಿಡಿಸಿ. ಒಂದು ಪಕ್ಕದಲ್ಲಿ ಲಾಕ್ ನಾಲಿಗೆ ಇರುತ್ತದೆ, ಅದನ್ನು ಒತ್ತಿ ಕನೆಕ್ಟರಿನ ಮೈ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಪಿನ್‌ಗಳ ಮೇಲೆ ಹಸಿರು ಜಂಗು ಇದೆಯಾ ನೋಡಿ. ಮಳೆಗಾಲದಲ್ಲಿ ಒದ್ದೆ ಬೂಟು, ಒದ್ದೆ ಕಾರ್ಪೆಟ್, ಮುಚ್ಚಿದ ಗಾಜು ಸೇರಿ ಒಳಗೆ ತೇವ ನಿಲ್ಲುತ್ತದೆ. ಜಂಗು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಸಿಕ್ಕಿಸಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಎರಡು ಪಿನ್ನಿನ ಸ್ವಿಚ್ಚಾದರೆ ಮೀಟರನ್ನು ಬೀಪ್ ಅಥವಾ ಓಮ್‌ಗೆ ಇಟ್ಟು, ಎರಡು ಪ್ರೋಬ್ ಎರಡು ಪಿನ್ನಿಗೆ ಹಿಡಿಯಿರಿ. ಸಾಮಾನ್ಯವಾಗಿ ಕಡ್ಡಿ ಹೊರಗಿದ್ದಾಗ ಸಂಪರ್ಕ ಇರಬಾರದು, ಒತ್ತಿದಾಗ ಬೀಪ್ ಬಂದು ಓಮ್ ಸೊನ್ನೆಯ ಹತ್ತಿರ ಬರಬೇಕು. ಕೆಲವು ಗಾಡಿಗಳಲ್ಲಿ ಇದು ಉಲ್ಟಾ ಇರುತ್ತದೆ. ಮುಖ್ಯ ಅಂದರೆ ಎರಡು ಸ್ಥಿತಿಗೆ ಎರಡು ಬೇರೆ ಉತ್ತರ ಬರಬೇಕು, ಆ ಉತ್ತರ ಪ್ರತಿ ಸಲ ಒಂದೇ ಇರಬೇಕು. ಒತ್ತಿ ಹಿಡಿದು ಕಡ್ಡಿಯನ್ನು ಅಕ್ಕಪಕ್ಕ ಅಲ್ಲಾಡಿಸಿ. ಬೀಪ್ ತುಂಡುತುಂಡಾದರೆ, ಅಥವಾ ಓಮ್ ಒಮ್ಮೆ 5, ಒಮ್ಮೆ 40 ಅಂತ ಕುಣಿದರೆ ಒಳಗಿನ ಕಾಂಟ್ಯಾಕ್ಟ್ ಹೋಗಿದೆ. ನಾಲ್ಕು ಪಿನ್ ಇದ್ದರೆ ಒಂದೇ ಡಬ್ಬಿಯಲ್ಲಿ ಎರಡು ಸ್ವಿಚ್ ಇವೆ ಅಂತ ತಿಳಿದು ಜೋಡಿ ಹುಡುಕಿ ನೋಡಿ.

ಮೂರು ವೈರ್ ಇದ್ದರೆ ಸ್ವಲ್ಪ ತಡೆಯಿರಿ. ಅದು ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದಿಂದ ಪೆಡಲ್ ಸ್ಥಿತಿ ತಿಳಿಯುವ ಸೆನ್ಸರ್, ಇರಬಹುದು. ಒಳಗೆ ಕಾಂಟ್ಯಾಕ್ಟ್ ಇಲ್ಲ, ಎಲೆಕ್ಟ್ರಾನಿಕ್ಸ್ ಇದೆ. ಬೀಪ್ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ವೈರ್ ಕೂಡಿಸಿದರೆ ಇಸಿಯುಗೇ ಪೆಟ್ಟು ಬೀಳಬಹುದು. ಇಂಥದ್ದನ್ನು ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಪೆಡಲ್ ಒತ್ತಿ-ಬಿಟ್ಟು ನೋಡಬೇಕು.

ಸ್ವಿಚ್ ಪಾಸಾಯಿತು, ಆದರೂ ಸೆಲ್ಫ್ ಇಲ್ಲ ಅಂದರೆ ವೋಲ್ಟ್ ನೋಡಿ. ಇದು ಕೀ ಇರುವ, ಸ್ವಿಚ್ ನೇರ ರಿಲೇಗೆ ಹೋಗುವ ಗಾಡಿಗಳಿಗೆ. ಕನೆಕ್ಟರ್ ಸಿಕ್ಕಿಸಿ, ಹಿಂಭಾಗದಿಂದ ಪ್ರೋಬ್ ತೂರಿಸಿ, ಒಬ್ಬರಿಗೆ ಕ್ಲಚ್ ತುಳಿದು ಕೀಯನ್ನು ಸ್ಟಾರ್ಟ್‌ನಲ್ಲಿ ಹಿಡಿಯಲು ಹೇಳಿ. ಎರಡೂ ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಇದ್ದರೆ ಸ್ವಿಚ್ ದಾಟಿ ಕರೆಂಟ್ ಹೋಗುತ್ತಿದೆ, ತೊಂದರೆ ಮುಂದೆ ರಿಲೇಯಲ್ಲೋ ಸ್ಟಾರ್ಟರಿನಲ್ಲೋ ಇದೆ. ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಅಂದರೆ ಸ್ವಿಚ್ಚೇ. ಎರಡರಲ್ಲೂ ಇಲ್ಲದಿದ್ದರೆ ಹಿಂದೆ ಫ್ಯೂಸ್, ಇಗ್ನಿಷನ್ ಸ್ವಿಚ್ ಕಡೆ ಹೋಗಿ. ಗೋಡೌನ್ ಪಕ್ಕ, ಹೊಲದ ಮನೆಯಲ್ಲಿ ನಿಲ್ಲುವ ಗಾಡಿಯಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ.

ವೈರ್ ಕೂಡಿಸಿ ಬಿಡಬೇಡಿ

"ಸ್ವಿಚ್ ಯಾಕ್ರೀ ಸರ, ಎರಡು ವೈರ್ ಕೂಡಿಸಿ ಬಿಡ್ತೇನಿ, ಮತ್ತ ತ್ರಾಸ ಇರಂಗಿಲ್ಲ." ಗ್ಯಾರೇಜಿನಲ್ಲಿ ಈ ಮಾತು ಕೇಳಿದರೆ ಬೇಡ ಅನ್ನಿ. ಗಾಡಿ ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಅಂದಿನಿಂದ ಗಾಡಿ ಗೇರ್‌ನಲ್ಲಿದ್ದರೂ ಸೆಲ್ಫ್ ತಗೊಳ್ಳುತ್ತದೆ. ನಿಮಗೆ ಅದು ನೆನಪಿರಬಹುದು. ಗಾಡಿ ಒಯ್ಯುವ ತಮ್ಮನಿಗೆ, ವಾಷಿಂಗ್ ಹುಡುಗನಿಗೆ, ಮುಂದೆ ಗಾಡಿ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅವರು ಗಾಡಿ ಮುಂದೆ ಯಾರೋ ನಿಂತಿರುವಾಗಲೇ ಬಟನ್ ಒತ್ತಬಹುದು.

ಟ್ರ್ಯಾಕ್ಟರ್ ವಿಷಯ ಇಲ್ಲಿ ಹೇಳದೆ ಇರಲಾಗದು. ಗದಗ, ಹಾವೇರಿ ಕಡೆಯ ಓದುಗರ ಮನೆಯಲ್ಲಿ ಕಾರಿನ ಪಕ್ಕ ಟ್ರ್ಯಾಕ್ಟರ್ ನಿಂತಿರುತ್ತದೆ. ಎಷ್ಟೋ ಟ್ರ್ಯಾಕ್ಟರಿಗೂ ಕ್ಲಚ್ ಅಥವಾ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಇರುತ್ತದೆ. ಅದು ಕೆಟ್ಟಾಗ ಕೆಳಗೆ ನಿಂತು ಸ್ಟಾರ್ಟರಿನ ಎರಡು ಟರ್ಮಿನಲ್ಲಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಾಲೂ ಮಾಡುತ್ತಾರೆ. ಆಗ ಯಾವ ಸೇಫ್ಟಿಯೂ ಕೆಲಸ ಮಾಡುವುದಿಲ್ಲ. ಟ್ರ್ಯಾಕ್ಟರ್ ಗೇರ್‌ನಲ್ಲಿದ್ದರೆ ನಿಂತವರ ಮೇಲೆಯೇ ಹಿಂದಿನ ದೊಡ್ಡ ಗಾಲಿ ಹಾಯುತ್ತದೆ, ಯಾಕೆಂದರೆ ಅವರು ನಿಂತಿರುವುದೇ ಗಾಲಿಯ ಮುಂದೆ. ಟ್ರ್ಯಾಕ್ಟರ್ ಯಾವಾಗಲೂ ಸೀಟಿನ ಮೇಲೆ ಕೂತೇ ಚಾಲೂ ಮಾಡಿ. ಮನೆಯ ಆಳಿಗೂ, ಮಕ್ಕಳಿಗೂ ಇದನ್ನು ಗಟ್ಟಿಯಾಗಿ ಹೇಳಿ.

ಹೊಸ ಸ್ವಿಚ್ ತರುವಾಗ

ಸಾಮಾನ್ಯ ಗಾಡಿಗಳ ಸ್ವಿಚ್ ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತದೆ. ಆರ್‌ಸಿ ಕಾರ್ಡಿನಲ್ಲಿರುವ ಚಾಸಿಸ್ ನಂಬರ್ ಕೊಟ್ಟು ಕೇಳಿದರೆ ಕೌಂಟರಿನವರು ಪಾರ್ಟ್ ನಂಬರ್ ತೆಗೆಯುತ್ತಾರೆ. ಹೊಗೆಯ ನಿಯಮ ಬದಲಾದಂತೆ ಒಂದೇ ಮಾಡೆಲ್ಲಿನ ಬಿಎಸ್ 4 ಮತ್ತು 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗೆ, ಪೆಟ್ರೋಲ್ ಮತ್ತು ಡೀಸೆಲ್‌ಗೆ ಸ್ವಿಚ್ ಬೇರೆ ಇರಬಹುದು. ಮೂರು ವಿಷಯ ಹೊಂದಬೇಕು: ಪಿನ್‌ಗಳ ಸಂಖ್ಯೆ, ಕನೆಕ್ಟರಿನ ಆಕಾರ, ಕಡ್ಡಿಯ ಉದ್ದ. ನೋಡಲು ಒಂದೇ ತರಹದ ಬ್ರೇಕ್ ಲೈಟ್ ಸ್ವಿಚ್ ಕೊಟ್ಟು "ಇದೂ ನಡೀತೈತ್ರಿ" ಅಂದರೆ ಒಪ್ಪಬೇಡಿ. ಬ್ರೇಕ್ ಸ್ವಿಚ್ ಸಾಮಾನ್ಯವಾಗಿ ಕಡ್ಡಿ ಹೊರಬಂದಾಗ ಕೂಡುತ್ತದೆ, ನಮಗೆ ಬಹುತೇಕ ಇದರ ಉಲ್ಟಾ ಬೇಕು. ಅಂಗಡಿಯಲ್ಲೇ ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಮೀಟರ್ ಹಿಡಿದು ನೋಡಿ.

ಬಿಚ್ಚಿ ಕೂರಿಸುವುದು

ಬೇಕಾಗುವ ಸಾಮಾನು: 10ರ, 12ರ, 14ರ ಪಾನಾ, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚ್, ಮಲ್ಟಿಮೀಟರ್, ಸ್ಕೇಲ್, ಫೋನ್.

1. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಇಗ್ನಿಷನ್ ಆಫ್ ಮಾಡಿ. ಪುಶ್ ಬಟನ್ ಗಾಡಿಯಾದರೆ ಕೀಯನ್ನು ಮನೆಯೊಳಗೆ ದೂರ ಇಡಿ.

2. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಸ್ಟೀರಿಂಗ್ ಸುತ್ತ ಹಳದಿ ವೈರ್, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಮ್ಯೂಸಿಕ್ ಸಿಸ್ಟಮ್ಮಿಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

3. ಪೆಡಲ್ ಮೇಲಿನ ಪ್ಯಾನೆಲ್ ಅಡ್ಡ ಬಂದರೆ ತೆಗೆಯಿರಿ. ಮೊದಲು ಕಾಣುವ ಸ್ಕ್ರೂ, ಆಮೇಲೆ ಕ್ಲಿಪ್. ಕ್ಲಿಪ್ ಬಿಡದಿದ್ದರೆ ಎಲ್ಲೋ ಇನ್ನೊಂದು ಸ್ಕ್ರೂ ಉಳಿದಿದೆ ಅಂತ ಅರ್ಥ, ಜೋರು ಮಾಡಬೇಡಿ.

4. ಹಳೆಯ ಸ್ವಿಚ್ ಕೂತಿರುವಂತೆಯೇ ಎರಡು ಮೂರು ಕೋನದಿಂದ ಫೋಟೋ ತೆಗೆಯಿರಿ. ಬ್ರ್ಯಾಕೆಟ್ಟಿನಿಂದ ಕಡ್ಡಿಯ ಕಡೆ ಎಷ್ಟು ಥ್ರೆಡ್ ಹೊರಬಂದಿದೆ, ಅಳೆದು ಬರೆದುಕೊಳ್ಳಿ. ಮುಂದಿನ ಸೆಟ್ಟಿಂಗಿನ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

5. ಕನೆಕ್ಟರ್ ಬಿಡಿಸಿ. ಥ್ರೆಡ್ ಸ್ವಿಚ್ಚಾದರೆ ಬ್ರ್ಯಾಕೆಟ್ಟಿನ ಲಾಕ್ ನಟ್ ಸಡಿಲಿಸಿ, ಸ್ವಿಚ್ಚನ್ನು ಬೆರಳಲ್ಲಿ ತಿರುಗಿಸಿ ತೆಗೆಯಿರಿ. ನಟ್ ಇಲ್ಲದ ಪ್ಲಾಸ್ಟಿಕ್ ಸ್ವಿಚ್ಚಾದರೆ ಕಾಲು ಸುತ್ತಿನ ಒಳಗೇ ತಿರುಗಿಸಿದರೆ ಲಾಕ್ ಬಿಟ್ಟು ಹೊರಬರುತ್ತದೆ.

6. ಜಾಗ ಒರೆಸಿ. ಎರೆ ಮಣ್ಣಿನ ಧೂಳು ಎಣ್ಣೆಯ ಜೊತೆ ಸೇರಿ ಗಟ್ಟಿ ಪದರ ಆಗಿರುತ್ತದೆ, ಒಣ ಬಟ್ಟೆಯಿಂದ ತೆಗೆಯಿರಿ. ಸ್ವಿಚ್ಚಿನ ಕಡ್ಡಿಗೆ ಗ್ರೀಸ್ ಹಚ್ಚಬೇಡಿ, ಅದು ಧೂಳನ್ನು ಇನ್ನೂ ಹಿಡಿಯುತ್ತದೆ.

7. ಹೊಸ ಸ್ವಿಚ್ ಕೂರಿಸಿ, ಬರೆದುಕೊಂಡ ಅಳತೆಗೆ ತಂದು ಲಾಕ್ ನಟ್ ಕೈಯಲ್ಲಿ ಮಾತ್ರ ಬಿಗಿ ಮಾಡಿ. ಪಾನಾ ಇನ್ನೂ ಬೇಡ.

ತಾನೇ ಹೊಂದಿಕೊಳ್ಳುವ ಸ್ವಿಚ್‌ಗಳೂ ಬರುತ್ತವೆ. ಅವುಗಳ ಕಡ್ಡಿಯನ್ನು ಕೂರಿಸುವ ಮುಂಚೆ ಹೇಗೆ ಇಟ್ಟಿರಬೇಕು ಅಂತ ಪ್ಯಾಕೆಟ್ಟಿನಲ್ಲೋ ಸರ್ವಿಸ್ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ, ಹಾಗೆಯೇ ಮಾಡಿ. ಇವು ಬಹುತೇಕ ಒಂದೇ ಸಲದವು, ಬಿಚ್ಚಿ ಮತ್ತೆ ಹಾಕಿದರೆ ಅಳತೆ ತಪ್ಪುತ್ತದೆ.

ಸೆಟ್ಟಿಂಗ್

ಇಲ್ಲಿ ಅವಸರ ಬೇಡ. ಸ್ವಿಚ್ ತೀರಾ ಮುಂದಿದ್ದರೆ ಪೆಡಲ್ ತನ್ನ ಹಾದಿಯ ಕೊನೆ ಮುಟ್ಟುವ ಮುಂಚೆ ಸ್ವಿಚ್ಚಿನ ಮೈಗೆ ಗುದ್ದಿ ಅದನ್ನು ಒಡೆಯುತ್ತದೆ. ತೀರಾ ಹಿಂದಿದ್ದರೆ ಕಡ್ಡಿ ಪೂರ್ತಿ ಒತ್ತುವುದಿಲ್ಲ, ಸೆಲ್ಫ್ ತಗೊಳ್ಳುವುದಿಲ್ಲ.

ಕನೆಕ್ಟರ್ ಹಾಕುವ ಮೊದಲು ಸ್ವಿಚ್ಚಿನ ಪಿನ್‌ಗಳಿಗೆ ಮೀಟರ್ ಕ್ಲಿಪ್ ಹಚ್ಚಿ ಬೀಪ್‌ಗೆ ಇಡಿ. ಪೆಡಲ್ಲನ್ನು ಕೈಯಿಂದ ನಿಧಾನಕ್ಕೆ ಒತ್ತುತ್ತ ಹೋಗಿ. ಪೆಡಲ್ ಕೊನೆ ಮುಟ್ಟುವ ಸ್ವಲ್ಪ ಮುಂಚೆ ಬೀಪ್ ಬರಬೇಕು, ಕೊನೆಯವರೆಗೆ ನಿಲ್ಲದೆ ಇರಬೇಕು. ಕೊನೆಯಲ್ಲೂ ಬರದಿದ್ದರೆ ಸ್ವಿಚ್ಚನ್ನು ಪೆಡಲ್ ಕಡೆ ತಿರುಗಿಸಿ. ಪೆಡಲ್ ಪೂರ್ತಿ ಒತ್ತಿ ಹಿಡಿದು ಬೀಪ್ ಶುರುವಾಗುವ ಜಾಗ ಸಿಕ್ಕ ಮೇಲೆ ಇನ್ನು ಮುಕ್ಕಾಲು ಸುತ್ತಿನಿಂದ ಒಂದು ಸುತ್ತು ಮುಂದೆ ತಿರುಗಿಸುವುದು ಥ್ರೆಡ್ ಸ್ವಿಚ್ಚಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಆಮೇಲೆ ಸ್ವಿಚ್ ತಿರುಗದಂತೆ ಹಿಡಿದು ಲಾಕ್ ನಟ್ ಪಾನಾದಲ್ಲಿ ಬಿಗಿ ಮಾಡಿ. ಮೈ ಪ್ಲಾಸ್ಟಿಕ್ಕಿನದು, ಜಾಸ್ತಿ ಬಿಗಿದರೆ ಸೀಳುತ್ತದೆ. ಬಿಗಿದ ಮೇಲೆ ಬೀಪ್ ಇನ್ನೊಮ್ಮೆ ನೋಡಿ, ಬಿಗಿಯುವಾಗ ಅಳತೆ ಕದಲುವುದುಂಟು.

ಚಾಲೂ ಮಾಡಿ ನೋಡುವುದು

ಕನೆಕ್ಟರ್ "ಟಕ್" ಅನ್ನುವವರೆಗೆ ಒತ್ತಿ. ಬ್ಯಾಟರಿ ಟರ್ಮಿನಲ್ ಹಾಕಿ. ಗಾಡಿಯ ಹಿಂದೆ ಮುಂದೆ ಯಾರೂ ಇರದಂತೆ ನೋಡಿಕೊಳ್ಳಿ. ಚಕ್ರದ ಕಲ್ಲು ಹಾಗೇ ಇರಲಿ.

ಮೊದಲು ನ್ಯೂಟ್ರಲ್‌ನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಮುಟ್ಟದೆ ಸ್ಟಾರ್ಟ್ ಮಾಡಿ. ಸೆಲ್ಫ್ ತಗೊಳ್ಳಬಾರದು. ಕ್ಲಚ್ ಅರ್ಧ ತುಳಿದು ನೋಡಿ, ಆಗಲೂ ತಗೊಳ್ಳಬಾರದು. ಪೂರ್ತಿ ತುಳಿದಾಗ ತಕ್ಷಣ ತಗೊಳ್ಳಬೇಕು. ಆರಿಸಿ ಮತ್ತೆ ಮತ್ತೆ ನೋಡಿ, ಒಮ್ಮೆಯೂ ತಪ್ಪಬಾರದು.

ನಂತರ ಎಂಜಿನ್ ಓಡುತ್ತಿರುವಾಗ, ಹ್ಯಾಂಡ್‌ಬ್ರೇಕ್ ಇಟ್ಟುಕೊಂಡೇ, ಒಂದನೇ ಗೇರ್ ಹಾಕಿ ಕ್ಲಚ್ಚನ್ನು ಸಾವಕಾಶ ಬಿಡಿ. ಗಾಡಿ ಎಳೆಯಲು ಶುರು ಮಾಡುವ ಜಾಗ ಕಾಲಿಗೆ ತಿಳಿಯುತ್ತದೆ. ಸ್ವಿಚ್ ಕೂಡುವ ಜಾಗ ಅದಕ್ಕಿಂತ ಕೆಳಗೆ, ನೆಲದ ಹತ್ತಿರ ಇರಬೇಕು. ಮೇಲಿದ್ದರೆ ಎಂಜಿನ್ನಿನಿಂದ ಗೇರ್‌ಬಾಕ್ಸ್ ಪೂರ್ತಿ ಬೇರೆಯಾಗುವ ಮುಂಚೆಯೇ ಸೆಲ್ಫ್ ತಗೊಳ್ಳುತ್ತದೆ, ಸ್ವಿಚ್ ಇದ್ದೂ ಇಲ್ಲದಂತೆ. ಹಾಗಿದ್ದರೆ ಮತ್ತೆ ಸೆಟ್ ಮಾಡಿ. ಕೊನೆಗೆ ಎಂಜಿನ್ ಆರಿಸಿ, ಒಂದನೇ ಗೇರ್‌ನಲ್ಲಿ, ಕ್ಲಚ್ ಬ್ರೇಕ್ ಎರಡೂ ಪೂರ್ತಿ ತುಳಿದು ಸ್ಟಾರ್ಟ್ ಮಾಡಿ. ಗಾಡಿ ಒಂದಿಂಚೂ ಕದಲಬಾರದು.

ಕೆಲಸ ಮಾಡುವಾಗ ಪಕ್ಕದ ಬ್ರೇಕ್ ಸ್ವಿಚ್ಚಿಗೆ ಕೈ ತಾಗಿರಬಹುದು. ಯಾರಿಗಾದರೂ ಹಿಂದೆ ನಿಂತು ಬ್ರೇಕ್ ಲೈಟ್ ಹತ್ತಿ ಆರುವುದನ್ನು ನೋಡಲು ಹೇಳಿ, ಇದನ್ನು ಬಿಡಬೇಡಿ. ಬ್ಯಾಟರಿ ತೆಗೆದಿದ್ದರಿಂದ ಗಡಿಯಾರ, ಒಂದೇ ಒತ್ತಿಗೆ ಏರಿಳಿಯುವ ಕಿಟಕಿ ಗಾಜು ತಮ್ಮ ಸೆಟ್ಟಿಂಗ್ ಮರೆತಿರುತ್ತವೆ, ಮತ್ತೆ ಸೆಟ್ ಮಾಡಿಕೊಳ್ಳಿ. ಕೋಡ್ ಬಂದಿದ್ದರೆ ಸ್ಕ್ಯಾನರಿನಲ್ಲಿ ಅಳಿಸಿ, ಒಂದೆರಡು ದಿನ ಓಡಿಸಿದ ಮೇಲೆ ಮತ್ತೆ ಬಂದಿದೆಯಾ ನೋಡಿ.

ದಾರಿಯಲ್ಲಿ ನಿಂತರೆ

ಚನ್ನಮ್ಮ ಸರ್ಕಲ್ ಟ್ರಾಫಿಕ್‌ನಲ್ಲೋ ಗದಗ ರಸ್ತೆಯಲ್ಲೋ ಗಾಡಿ ಆರಿ ಸೆಲ್ಫ್ ತಗೊಳ್ಳದಿದ್ದರೆ ಹಝಾರ್ಡ್ ಲೈಟ್ ಹಾಕಿ, ಜನರ ಸಹಾಯದಿಂದ ಬದಿಗೆ ತಳ್ಳಿ. ಇಗ್ನಿಷನ್ ಆನ್ ಇರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗಬಹುದು. ಬದಿಗೆ ಬಂದ ಮೇಲೆ ಮ್ಯಾಟ್ ಎಳೆದು, ಪೆಡಲ್ ನಾಲ್ಕಾರು ಸಲ ಪೂರ್ತಿ ತುಳಿದು ಪ್ರಯತ್ನಿಸಿ. ಬುಷ್ ಉದುರಿದ್ದು ಕಂಡರೆ ಆ ತೂತಿಗೆ ಮಡಚಿದ ದಪ್ಪ ರಟ್ಟು ಕಟ್ಟಿದರೂ ಮನೆ ಮುಟ್ಟುವಷ್ಟು ನಡೆಯುತ್ತದೆ. ಕಟ್ಟಿದ್ದು ಬ್ರೇಕ್ ಪೆಡಲ್ ಕೆಳಗೆ ಬೀಳದಂತೆ ಬಿಗಿಯಾಗಿರಲಿ.

ಕೀ ಇರುವ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದು: ಇಗ್ನಿಷನ್ ಆನ್, ಎರಡನೇ ಗೇರ್, ಕ್ಲಚ್ ತುಳಿದಿದ್ದು ಗಾಡಿ ಓಡಿದ ಮೇಲೆ ಬಿಡುವುದು. ಅಲ್ಲಿ ಸ್ಟಾರ್ಟರ್ ಬಳಕೆಯೇ ಇಲ್ಲ, ಹಾಗಾಗಿ ಸೆಲ್ಫ್ ತಡೆಯುವ ಸ್ವಿಚ್ ಅಡ್ಡ ಬರುವುದಿಲ್ಲ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಭಾಗ) ಇರುವ ಗಾಡಿಗಳನ್ನು ತಳ್ಳಿ ಚಾಲೂ ಮಾಡಬೇಡಿ ಅಂತ ಎಷ್ಟೋ ಮ್ಯಾನ್ಯುಯಲ್‌ಗಳು ಹೇಳುತ್ತವೆ, ಸುಡದ ಪೆಟ್ರೋಲ್ ಅದರೊಳಗೆ ಹೋಗುತ್ತದೆ. ಬೇರೆ ದಾರಿ ಇಲ್ಲದಾಗ ಒಂದೆರಡು ಪ್ರಯತ್ನ ಮಾತ್ರ, ಅದೂ ವಾಹನ ಓಡಾಡದ ಜಾಗದಲ್ಲಿ.

ಪೆಡಲ್ ಕೆಳಗೇ ಉಳಿದು ಮೇಲೆ ಬರುತ್ತಿಲ್ಲ, ಅಥವಾ ಪೆಡಲ್ ಬುಡದಲ್ಲಿ ಎಣ್ಣೆಯ ಪಸೆ ಕಾಣುತ್ತಿದೆ ಅಂದರೆ ಅದು ಕ್ಲಚ್ ಸಿಲಿಂಡರಿನ ತೊಂದರೆ, ಸ್ವಿಚ್ಚಿನದಲ್ಲ. ಆ ಗಾಡಿ ಓಡಿಸಬೇಡಿ, ಟೋಯಿಂಗ್ ಮಾಡಿಸಿ ಗ್ಯಾರೇಜಿಗೆ ಒಯ್ಯಿರಿ. ಗ್ಯಾರೇಜಿನಲ್ಲಿ "ಸೆಲ್ಫ್ ತಗೋವಲ್ದು" ಅಂತಷ್ಟೇ ಹೇಳಬೇಡಿ. ಬ್ಯಾಟರಿ ಎಷ್ಟು ವೋಲ್ಟ್ ತೋರಿಸಿತು, ಬುಷ್ ಇದೆಯೋ ಇಲ್ಲವೋ, ಕಡ್ಡಿ ಒತ್ತಿದಾಗ ಮೀಟರ್ ಏನು ಹೇಳಿತು, ಈ ಮೂರನ್ನೂ ಹೇಳಿ. ಸ್ಟಾರ್ಟರ್ ಬಿಚ್ಚುವ ಮೊದಲು ಅವರು ಪೆಡಲ್ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಾರೆ.